ಸೋಫಾ ಜೊತೆ ಬಂದದ್ದು

"ಹೊರಗೆ ಬರ್ತೀಯೋ, ಇಲ್ಲ ನಿನ್ನನ್ನೂ ಸೇರಿಸಿ ಗಾಡಿಗೆ ಹಾಕ್ಲೋ?"

ಅಪ್ಪ ಅಂಗಡಿಯ ನೆಲದ ಮೇಲೆ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಸೋಫಾದ ಅಡಿಗೆ ನೋಡುತ್ತಿದ್ದ. ಎತ್ತರದ ಕಾಲಿನ ಹಳೆಯ ಕಾಲದ ಸೋಫಾ ಅದು. ಅದರಡಿ ಬೋರಲಾಗಿ ಮಲಗಿದ್ದ ಮಗಳು ಮೊಳೆ, ನಾಯಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಇದ್ಯಾವುದೋ ಹೊಸ ಆಟ ಎಂದುಕೊಂಡು ನಾಯಿ ಬಾಲ ಬಡಿಯುತ್ತಿತ್ತು. ಬಡಿದಾಗಲೆಲ್ಲ ಅಪ್ಪನ ಮುಖಕ್ಕೆ ಧೂಳು, ದಾರದ ಎಳೆ, ಸ್ಪಂಜಿನ ಪುಡಿ ಹಾರುತ್ತಿತ್ತು.

"ಬರಲ್ಲ."

"ಸೋಫಾ ಎತ್ತಬೇಕು ಕಣಮ್ಮಾ. ಅವರು ಕಾಯ್ತಿರ್ತಾರೆ."

"ಕಾಯ್ಲಿ ಬಿಡು. ಇದು ಕಾದಿಲ್ವಾ?"

ಮಾತಿಗೆ ಸಿಕ್ಕಿಬಿದ್ದಾಗಲೆಲ್ಲ ಮಾಡುವುದನ್ನೇ ಅಪ್ಪ ಮಾಡಿದ. ಅಂಗಿಯ ಜೇಬಿನಿಂದ ನಾಲ್ಕಾರು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ.

ಸೋಫಾ ಕೆಲಸದವರಿಗೆ ಅದು ರೂಢಿ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಎತ್ತಿಕೊಡಲು ದೇವರು ಮೂರನೆಯ ಕೈ ಕೊಟ್ಟಿಲ್ಲವಾದ್ದರಿಂದ ಬಾಯೇ ಡಬ್ಬಿ. ಅಪ್ಪ ಮಾತ್ರ ಈ ರೂಢಿಯನ್ನು ಕೆಲಸಕ್ಕಷ್ಟೇ ಇಟ್ಟುಕೊಂಡಿರಲಿಲ್ಲ. ಗಿರಾಕಿ ರೇಗಿದರೂ ಬಾಯಿಗೆ ಮೊಳೆ, ಅಂಗಡಿಯ ಜಾಗದ ಮಾಲೀಕ ಬಾಡಿಗೆಗೆ ಬಂದು ಕೂಗಾಡಿದರೂ ಬಾಯಿಗೆ ಮೊಳೆ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ," ಎಂದು ಅಮ್ಮ ಹೊಲಿಗೆ ಮಿಷನ್ನಿನ ಹಿಂದಿನಿಂದ ಚುಚ್ಚುತ್ತಿದ್ದಳು. "ಅದು ನಿಜ ಆಗಿದ್ರೆ ನಮ್ಮನೇಲಿ ಇಷ್ಟೊತ್ತಿಗೆ ಬಂಗಾರ ಇಡೋಕೆ ಜಾಗ ಇರ್ತಿರ್ಲಿಲ್ಲ." ಮಗಳಿಗೆ ಮೊಳೆ ಎಂದು ಅಡ್ಡಹೆಸರು ಇಟ್ಟವನೂ ಅವನೇ. ಸಣಕಲು, ಚೂಪು, ಒಂದು ಕಡೆ ಕೂತರೆ ಕೀಳಲು ಇಕ್ಕಳವೇ ಬೇಕು. ಶಾಲೆಯ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರಿನಿಂದ ಕರೆದರೆ ಅವಳಿಗೇ ತಿರುಗಿ ನೋಡಬೇಕೆಂದು ಹೊಳೆಯುತ್ತಿರಲಿಲ್ಲ.

ಆ ಸೋಫಾ ಬಂದದ್ದು ಹಸಿರು ಬಣ್ಣದಲ್ಲಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಅವರವರ ಸಾಮಾನೇ ಹೆಸರು. ತಿರುಗೋ ಕುರ್ಚಿಯವರು, ಮುರುಕು ದಿವಾನದವರು, ಹಾಗೆಯೇ ಇವರು ಹಸಿರು ಸೋಫಾದವರು. ಗಂಡ ಹೆಂಡತಿ ಊರಿನ ಇನ್ನೊಂದು ತುದಿಯ ಹೊಸ ಮನೆಗೆ ಹೋಗಿದ್ದರು. ಹಳೆಯ ಮನೆಯಿಂದ ಸೋಫಾ ಎತ್ತಿಕೊಂಡು ಹೋಗಿ, ಬೂದು ಬಣ್ಣದ ಬಟ್ಟೆ ಹಾಕಿ, ಹೊಸ ಮನೆಗೆ ತಲುಪಿಸಿ ಎಂದಿದ್ದರು. ಅಪ್ಪ ಹೋದಾಗ ಆ ಮನೆಯಲ್ಲಿ ಉಳಿದಿದ್ದದ್ದು ಸೋಫಾ ಒಂದೇ. ಗಾಡಿ ಹೊರಟಿತು, ಹಿಂದೆ ನಾಯಿ ಓಡಿ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ನಿಂತಿತು, ಹೊರಟಾಗ ಓಡಿತು. ಅಂಗಡಿ ಮುಟ್ಟುವಾಗ ಅದರ ನಾಲಿಗೆ ಗಲ್ಲದ ಕೆಳಗೆ ನೇತಾಡುತ್ತಿತ್ತು, ಮುಂಗಾಲಿನ ಉಗುರು ಕಿತ್ತು ರಕ್ತ ಬರುತ್ತಿತ್ತು. ಸೋಫಾ ಇಳಿಸಿದ ತಕ್ಷಣ ಅದರಡಿ ಹೋಗಿ ಮಲಗಿತು.

"ಬಿಟ್ಟು ಹೋಗಿದ್ದಾರೆ," ಎಂದಳು ಅಮ್ಮ ನೋಡಿದವಳೇ. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?"

"ಛೇ, ಹಾಗೆಲ್ಲ ಅನ್ಬೇಡ," ಎಂದ ಅಪ್ಪ. "ಮನೆ ಬದಲಾಯಿಸೋ ಗಡಿಬಿಡಿ. ತಪ್ಪಿಸ್ಕೊಂಡಿರತ್ತೆ. ಪಾಪ, ಎಲ್ಲೆಲ್ಲಿ ಹುಡುಕ್ತಿದಾರೋ." ಬಟ್ಟೆಯ ವಿಷಯ ಕೇಳಲು ಫೋನು ಮಾಡಿದಾಗ ನಾಯಿಯ ವಿಷಯವನ್ನೂ ಹೇಳಿದ. ಆ ಕಡೆ ಹೆಂಗಸು, "ನಾಯೀನಾ? ಆಮೇಲೆ ಮಾತಾಡೋಣ, ಪೇಂಟಿನವರು ಬಂದಿದಾರೆ," ಎಂದು ಫೋನು ಇಟ್ಟರಂತೆ. ಅಪ್ಪ ಅದನ್ನೇ ಒಪ್ಪಿಗೆ ಎಂದುಕೊಂಡ. ಒಳ್ಳೆಯವರ ದೊಡ್ಡ ರೋಗವೇ ಇದು. ತಮ್ಮ ಕಿವಿಗೆ ಬೇಕಾದದ್ದನ್ನು ಬೇರೆಯವರ ಬಾಯಲ್ಲಿ ಕೇಳಿಸಿಕೊಳ್ಳುತ್ತಾರೆ.

ಅದಕ್ಕಿಂತ ದೊಡ್ಡ ರೋಗ ಅಂಗಡಿಯ ನಿಯಮ. ಹಳೆಯ ಸೋಫಾ ಬಿಚ್ಚಿದರೆ ಒಳಗೆ ಒಂದು ಸಂಸಾರವೇ ಇರುತ್ತದೆ. ಪೆನ್ನು, ಬಾಚಣಿಗೆ, ಬೀಗದ ಕೈ, ಒಂಟಿ ಓಲೆ, ಯಾವುದೋ ಮಗುವಿನ ಹಾಲುಹಲ್ಲು. ಸೀಟಿನ ಸಂದಿಗೆ ಕೈ ತೂರಿಸಿ ಇವನ್ನೆಲ್ಲ ತೆಗೆಯುವುದು ಮೊಳೆಯ ಕೆಲಸ, ಅವಳ ಕೈ ಮಾತ್ರ ಅಲ್ಲಿ ಹೋಗುತ್ತಿತ್ತು. ಸಿಕ್ಕಿದ್ದೆಲ್ಲ ಒಂದು ಬಟ್ಟೆಯ ಚೀಲಕ್ಕೆ. ಆ ಚೀಲವನ್ನು ಸೋಫಾದ ಕಾಲಿಗೆ ಕಟ್ಟಿಯೇ ವಾಪಸ್ ಕಳಿಸಬೇಕು. ಅಪ್ಪನ ಅಪ್ಪ ಹಾಕಿಕೊಟ್ಟ ಕ್ರಮ ಅದು. ಸೋಫಾ ಜೊತೆ ಬಂದದ್ದು ಸೋಫಾ ಜೊತೆಯೇ ಹೋಗಬೇಕು. ಒಂದು ಗುಂಡಿಯನ್ನೂ ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು ಕ್ರಮವೂ ಇತ್ತು. ಕೆಲಸ ಮುಗಿದು ಸೋಫಾ ಗಿರಾಕಿಯ ಮನೆಯಲ್ಲಿ ಕೂತ ಮೇಲೆ, ಅಪ್ಪ ಕಣ್ಣು ಮುಚ್ಚಿಕೊಂಡು ಸೀಟಿನ ಉದ್ದಕ್ಕೂ ಅಂಗೈ ಆಡಿಸುತ್ತಿದ್ದ. ಸಾಸಿವೆಯಷ್ಟು ಗಂಟು ಸಿಕ್ಕರೂ ಬಿಚ್ಚಿ ಮತ್ತೆ ತುಂಬುತ್ತಿದ್ದ. ಒಮ್ಮೆ ಅಮ್ಮನ ಬಟ್ಟೆ ಗುರುತಿನ ಸೀಮೆಸುಣ್ಣದ ಚೂರು ಒಳಗೆ ಉಳಿದಿತ್ತೆಂದು, ಮಹಡಿ ಹತ್ತಿಸಿದ್ದ ಸೋಫಾವನ್ನು ಮತ್ತೆ ಇಳಿಸಿ ತಂದಿದ್ದ.

ನಾಯಿ ಮೊದಮೊದಲು ಏನೂ ತಿನ್ನಲಿಲ್ಲ. ಬ್ರೆಡ್ಡು ಹಾಲಿನಲ್ಲಿ ಅದ್ದಿ ಮುಂದಿಟ್ಟರೂ ಮೂತಿ ತಿರುಗಿಸುತ್ತಿತ್ತು. ಮೊಳೆಗೆ ಸಿಟ್ಟು ಬಂತು. ಸಿಟ್ಟು ಬರದಿದ್ದರೆ ಅವಳು ಮೊಳೆಯೇ ಅಲ್ಲ. ಅದರ ಪಕ್ಕ ಸೋಫಾದ ಅಡಿ ತೂರಿಕೊಂಡು, ಅದೇ ತಟ್ಟೆಯಿಂದ ತಾನೇ ಒಂದು ತುಂಡು ಬ್ರೆಡ್ಡು ತೆಗೆದು, ಅದರ ಮುಖಕ್ಕೆ ಮುಖವಿಟ್ಟು ಜಗಿದಳು. "ನೋಡು, ಸತ್ತೋಗಲ್ಲ," ಎಂದಳು. ನಾಯಿ ಅವಳ ಬಾಯನ್ನು ಮೂಸಿತು, ಆಮೇಲೆ ತಟ್ಟೆಯನ್ನು ಮೂಸಿತು. ಅಂದು ಅಮ್ಮ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ತಟ್ಟೆಗೆ ಇನ್ನೊಂದು ಬ್ರೆಡ್ಡು ಹಾಕಿದಳು.

ಹಳೆಯ ಸ್ಪಂಜಿನ ಬಣ್ಣದ ನಾಯಿ ಅದು, ಒಂದೊಂದು ಕಡೆ ಹಳದಿ, ಒಂದೊಂದು ಕಡೆ ಕಂದು. ಹಾಗಾಗಿ ಸ್ಪಂಜು ಎಂದು ಹೆಸರಾಯಿತು. ಅಪ್ಪ ಹಸಿರು ಬಟ್ಟೆ ಕಿತ್ತ ದಿನ ಸ್ಪಂಜು ಮೊದಲ ಸಲ ಗುರ್ ಎಂದಿತು. ಮೊಳೆ ಆ ಬಟ್ಟೆಯ ರಾಶಿಯನ್ನು ಎಳೆದು ತಂದು ಮೂಲೆಯಲ್ಲಿ ಹಾಸಿದಳು. ಅದೇ ದಿನ ಸೀಟಿನ ಸಂದಿಯೊಳಗೆ ಅವಳ ಕೈಗೆ ಗಟ್ಟಿಯಾದ ರಬ್ಬರು ಚೆಂಡು ಸಿಕ್ಕಿತು, ಮೈಯೆಲ್ಲ ಹಲ್ಲಿನ ಗುರುತು. ಅದನ್ನು ಕಂಡು ಸ್ಪಂಜು ಹಿಂಗಾಲಿನ ಮೇಲೆ ಎದ್ದು ನಿಂತಿತು. ಎಸೆದಳು, ತಂದುಕೊಟ್ಟಿತು. ಎಸೆದಳು, ತಂದುಕೊಟ್ಟಿತು. ಅವಳ ಕಾಲಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಒದೆ ಎನ್ನುವಂತೆ ಅವಳ ಕಾಲನ್ನೇ ನೋಡುತ್ತಿತ್ತು. ಯಾರೋ ಕಲಿಸಿದ ಆಟ ಎಂದು ಅವಳಿಗೆ ಗೊತ್ತಾಯಿತು. ಕಲಿಸಿದವರ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಶಾಲೆ ಬಿಟ್ಟ ಮೇಲೆ ಗಲ್ಲಿಯಲ್ಲಿ ಇದೇ ಆಟ. ಸಂಜೆ ಚೆಂಡನ್ನು ಅಪ್ಪ ಮತ್ತೆ ಚೀಲಕ್ಕೆ ಹಾಕುತ್ತಿದ್ದ. "ನಮ್ಮದಲ್ಲ ಅದು," ಎನ್ನುತ್ತಿದ್ದ. ನಾಯಿಗೂ ಅದೇ ಮಾತು. "ಇವತ್ತಲ್ಲ ನಾಳೆ ಅವರದ್ದು ಅವರಿಗೆ ಹೋಗಬೇಕು. ಜಾಸ್ತಿ ಹಚ್ಕೋಬೇಡ." ಹಚ್ಚಿಕೊಳ್ಳಬೇಡ ಎಂದು ಹೇಳುವವರಿಗೆ ಏನು ಗೊತ್ತು? ಹೇಳಿ ಕೇಳಿ ಹಚ್ಚಿಕೊಳ್ಳಲು ಅದೇನು ಮುಲಾಮೇ?

ಈಗ ಆ ನಾಳೆ ಬಂದಿತ್ತು. ಕೊನೆಗೆ ಅಮ್ಮನೇ ಬಂದು ಬಗ್ಗಿದಳು. "ಏಳೇ. ನೀನೂ ಹೋಗು ಜೊತೇಲಿ. ಅವರ ಮನೆ ಹೇಗಿದೆ, ಅವರು ಹೇಗಿದಾರೆ ಅಂತ ಕಣ್ಣಲ್ಲಿ ನೋಡ್ಕೊಂಡು ಬಾ. ನಿಮ್ಮಪ್ಪನ ಕಣ್ಣಿಗೆ ಎಲ್ಲರೂ ದೇವರೇ." ಮೊಳೆ ಹೊರಗೆ ಬಂದಳು. ಕೂದಲಿನ ತುಂಬ ಧೂಳು, ಕಣ್ಣು ಕೆಂಪು. ಪಕ್ಕದ ಸೈಕಲ್ ಅಂಗಡಿಯವನು ಒಂದು ಕಡೆ, ಅಪ್ಪ ಒಂದು ಕಡೆ ಹಿಡಿದು ಸೋಫಾವನ್ನು ಮೂರು ಚಕ್ರದ ಗಾಡಿಗೆ ಏರಿಸಿದರು. ಮೊಳೆ ಹಿಂದೆ ಸೋಫಾದ ಪಕ್ಕ ಕೂತಳು, ನಾಯಿ ಅವಳ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳು ಅಪ್ಪನ ಬೆನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಬೆನ್ನಿಗೆ ತೂತು ಬೀಳುವಂತಿದ್ದರೆ ಅಂದು ಬೀಳಬೇಕಿತ್ತು.

ಹೊಸ ಬಡಾವಣೆಯ ತಿರುವಿನಲ್ಲಿಯೇ ಸ್ಪಂಜು ಎದ್ದು ನಿಂತಿತು. ಮೂಗು ಗಾಳಿಗೆ ಎತ್ತಿತು. ಗಂಟಲಿನಿಂದ ಮೊಳೆ ಎಂದೂ ಕೇಳದ ಒಂದು ಸಣ್ಣ ದನಿ ಬಂತು. ಗಾಡಿ ನಿಲ್ಲುವ ಮೊದಲೇ ಅವಳ ತೋಳಿನಿಂದ ಕಿತ್ತುಕೊಂಡು ಹಾರಿ, ತೆರೆದಿದ್ದ ಗೇಟಿನೊಳಗೆ, ತೆರೆದಿದ್ದ ಬಾಗಿಲಿನೊಳಗೆ ನುಗ್ಗಿತು. ಅವಳ ತೋಳಿನ ಮೇಲೆ ಉಗುರಿನ ಗೀರು ಎದ್ದಿತು.

ಒಳಗೆ ಹೋಗಿ ನೋಡಿದರೆ ಹಸಿರು ಸೋಫಾದ ಯಜಮಾನ ಗೋಡೆಗೆ ಒರಗಿ ನಿಂತಿದ್ದ, ನಾಯಿ ಅವನ ಸೊಂಟದವರೆಗೆ ಹಾರುತ್ತಿತ್ತು. ಅವನ ಕೈ ನೆಕ್ಕಿತು, ಮಂಡಿ ನೆಕ್ಕಿತು, ಚಪ್ಪಲಿ ನೆಕ್ಕಿತು, ಹೆಂಡತಿಯ ಹತ್ತಿರ ಓಡಿತು, ಮತ್ತೆ ಇವನ ಹತ್ತಿರ ಬಂತು. ಸಂತೋಷ ತಡೆಯಲಾರದೆ ಹೊಳೆಯುವ ಹೊಸ ನೆಲದ ಮೇಲೆ ಒದ್ದೆ ಮಾಡಿಕೊಂಡಿತು.

"ನೆಲ! ನೆಲ!" ಎಂದು ಯಜಮಾನಿ ಕಿರುಚಿದಳು. "ಯಾರದ್ರೀ ಈ ನಾಯಿ? ಹೊರಗೆ ಓಡ್ಸಿ!"

ಅಪ್ಪ ಬಾಗಿಲಲ್ಲಿ ನಗುಮುಖ ಹೊತ್ತು ನಿಂತಿದ್ದ. ಕಳೆದುಹೋದದ್ದನ್ನು ತಂದುಕೊಟ್ಟವನ ನಗು. "ನಿಮ್ಮದೇ ಅಲ್ವಾ ಮೇಡಂ. ಫೋನಲ್ಲಿ ಹೇಳಿದ್ನಲ್ಲ. ಸೋಫಾ ಹಿಂದೆನೇ ಓಡಿ ಬಂದಿತ್ತು ಪಾಪ."

ಯಜಮಾನ ಹೆಂಡತಿಯನ್ನು ನೋಡಿದ, ಹೆಂಡತಿ ನೆಲವನ್ನು ನೋಡಿದಳು.

"ನಮ್ಮದಲ್ಲ," ಎಂದ ಅವನು. "ನಾವು ನಾಯಿ ಸಾಕಿಲ್ಲ. ಆ ಬೀದೀದು ಯಾವುದೋ ಇರಬೇಕು."

ಅಪ್ಪನ ನಗು ಮುಖದ ಮೇಲೆ ಹಾಗೆಯೇ ಉಳಿಯಿತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ನಾಯಿಯನ್ನು ನೋಡಿದ. ಅದು ಆ ಮನುಷ್ಯನ ಪಾದದ ಮೇಲೆ ಗಲ್ಲ ಊರಿ ಮಲಗಿತ್ತು. ಅಪ್ಪನ ಕೈ ಮೆಲ್ಲಗೆ ಅಂಗಿಯ ಜೇಬಿಗೆ ಹೋದದ್ದನ್ನು, ಮೊಳೆಗಳನ್ನು ತೆಗೆದದ್ದನ್ನು, ಒಂದೊಂದಾಗಿ ಬಾಯಿಗೆ ಹಾಕಿಕೊಂಡದ್ದನ್ನು ಮಗಳು ನೋಡಿದಳು. ಅವಳಿಗೆ ಮೈಯೆಲ್ಲ ಉರಿದು ಹೋಯಿತು. ಆ ಸುಳ್ಳ ಹೇಳಿದ ಸುಳ್ಳಿಗಿಂತ ಈ ಮೊಳೆಗಳು ಅವಳನ್ನು ಹೆಚ್ಚು ಉರಿಸಿದವು. ಎಲ್ಲರ ಮುಂದೆ ನುಂಗಿಕೊಳ್ಳುವ ಹಾಗೆ ಇಲ್ಲಿಯೂ ನುಂಗಿಕೊಳ್ಳುತ್ತಾನೆ ಎಂದು ಅವಳಿಗೆ ಅನ್ನಿಸಿತು. ಅತ್ತರೆ ಸೋತಂತೆ ಎಂದು ಹಲ್ಲು ಕಚ್ಚಿ ನಿಂತಳು.

ಗೇಟಿನ ಕಾವಲುಗಾರ ಬಂದು ಕೈಜೋಡಿಸಿದ. ಸೋಫಾ ಒಳಗೆ ಬಂತು. ಬೂದು ಬಟ್ಟೆ, ನೇರ ಹೊಲಿಗೆ, ಚೂಪಾದ ಮೂಲೆಗಳು. ಯಜಮಾನಿಯ ಮುಖ ಅರಳಿತು. ಈ ಗೋಡೆಗಾ ಆ ಗೋಡೆಗಾ ಎಂದು ಎರಡು ಸಲ ಜರುಗಿಸಿದಳು. ಅಪ್ಪ ತುಟಿ ಬಿಚ್ಚದೆ ಜರುಗಿಸಿದ. ಆಮೇಲೆ ಸೋಫಾದ ಕಾಲಿಗೆ ಕಟ್ಟಿದ್ದ ಚೀಲವನ್ನು ಬಿಚ್ಚಿ, ಒಳಗಿದ್ದದ್ದನ್ನು ಒಂದೊಂದಾಗಿ ನೆಲದ ಮೇಲೆ ಜೋಡಿಸಿದ.

"ಅಯ್ಯೋ, ನನ್ನ ಓಲೆ!" ಎಂದು ಯಜಮಾನಿ ಎತ್ತಿಕೊಂಡಳು. "ರೀ, ನೋಡ್ರೀ, ಆವತ್ತು ಕೆಲಸದವಳ ಮೇಲೆ ಎಷ್ಟು ರೇಗಾಡಿದ್ದೆ! ಈ ಪೆನ್ನು ನಿಮ್ಮದೇ. ಬೀರುವಿನ ಬೀಗದ ಕೈ, ಅಬ್ಬಾ, ಇದೂ ಇಲ್ಲೇ ಇತ್ತಾ! ಎಲ್ಲ ನಮ್ಮದೇ, ಎಲ್ಲ ನಮ್ಮದೇ."

ಕೊನೆಗೆ ಅಪ್ಪ ಚೆಂಡು ತೆಗೆದು ನೆಲದ ಮೇಲೆ ಇಟ್ಟ. ಅದನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಸ್ಪಂಜು ಓಡಿ ಬಂತು. ಚೆಂಡನ್ನು ಬಾಯಲ್ಲಿ ಕಚ್ಚಿ ತಂದು ಯಜಮಾನನ ಪಾದದ ಮೇಲೆ ಇಟ್ಟಿತು. ಎರಡು ಹೆಜ್ಜೆ ಹಿಂದೆ ಸರಿದು, ಕಿವಿ ನಿಮಿರಿಸಿ ಅವನ ಕಾಲನ್ನೇ ನೋಡಿತು. ಅವನ ಕಾಲು ಅಲುಗಿತು, ಹೆಬ್ಬೆರಳ ತುದಿಯಿಂದ ಚೆಂಡನ್ನು ಮೆಲ್ಲಗೆ ಒದೆಯಿತು. ಎಷ್ಟೋ ಸಂಜೆ ಆಡಿದ ಆಟ. ಬಾಯಿ ಕಲಿತ ಸುಳ್ಳನ್ನು ಕಾಲು ಇನ್ನೂ ಕಲಿತಿರಲಿಲ್ಲ. ಚೆಂಡು ಉರುಳಿ ಸೋಫಾದ ಅಡಿ ಸೇರಿತು. ಅವನು ಕಾಲನ್ನು ಬಿಸಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡ.

"ಅಲ್ರೀ, ಅದನ್ನ ಇಲ್ಲಿಗೆ ತರೋ ಅಗತ್ಯ ಏನಿತ್ತು ನಿಮಗೆ?" ಎಂದು ಯಜಮಾನಿಯ ದನಿ ಏರಿತು. "ಹೊಸ ಮನೆ, ಹೊಸ ನೆಲ, ಎಲ್ಲ ಕೂದಲು ಉದುರಿಸತ್ತೆ. ಅಲ್ಲೇ ಯಾರಾದ್ರೂ ತಿನ್ನೋಕೆ ಹಾಕ್ತಿದ್ರು. ಬದುಕ್ಕೊಳ್ತಿತ್ತು!"

ಇಷ್ಟು ಹೊತ್ತಿಗೆ ನಾಯಿ ಚೆಂಡನ್ನೂ ಮರೆತು ಮನೆಯನ್ನೆಲ್ಲ ಮೂಸುತ್ತ ಹಿಂದಿನ ಜಗಲಿಗೆ ಓಡಿತ್ತು. ಅಲ್ಲಿಂದ ಲಟಪಟ ಸದ್ದು ಕೇಳಿತು. "ಗಿಡ! ನನ್ನ ಗಿಡ!" ಎಂದು ಯಜಮಾನಿ ಪೊರಕೆ ಹಿಡಿದು ಓಡಿದಳು. ಅವಳ ಹಿಂದೆ ಗಂಡ, ಗಂಡನ ಹಿಂದೆ ಅಪ್ಪ.

ಮೊಳೆ ಅಷ್ಟರಲ್ಲಿ ಸೋಫಾದ ಅಡಿಗೆ ತೂರಿ ಚೆಂಡನ್ನು ಹಿಡಿದಿದ್ದಳು. ತಿಂಗಳಿಡೀ ನಾಯಿಯ ಜೊತೆ ಮಲಗಿ ಅವಳಿಗೆ ಆ ಜಾಗ ಬಾಯಿಪಾಠ. ಎದ್ದು ನಿಂತಾಗ ಹಿಂಬಾಗಿಲಿನಿಂದ ಜಗಲಿ ಕಾಣಿಸಿತು. ಸಾಲಾಗಿ ಹೂಕುಂಡಗಳು. ಒಂದು ಕುಂಡ ಉರುಳಿ ಬಿದ್ದಿತ್ತು. ಅದರಡಿ ಇಟ್ಟಿದ್ದ ಅಗಲವಾದ ಸ್ಟೀಲಿನ ಬೋಗುಣಿಯೊಳಗೆ ಸ್ಪಂಜು ಮೂತಿ ಹಾಕಿ ಕೆಸರುನೀರನ್ನು ನೆಕ್ಕುತ್ತಿತ್ತು. ಬೋಗುಣಿಯ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಹಲ್ಲಿನ ಗುರುತುಗಳಿದ್ದವು, ಚೆಂಡಿನ ಮೇಲೆ ಇದ್ದಂಥವೇ. ಯಜಮಾನಿ ಪೊರಕೆಯಿಂದ ಅದರ ಬೆನ್ನಿಗೆ ಹೊಡೆಯುತ್ತಿದ್ದಳು, ಅದು ಬಾಲ ಅಲ್ಲಾಡಿಸುತ್ತ ನೆಕ್ಕುತ್ತಿತ್ತು.

ಬೋಗುಣಿಯನ್ನು ತಂದಿದ್ದರು! ಸಾಮಾನು ಕಟ್ಟುವಾಗ ಬೋಗುಣಿ ನೆನಪಾಗಿತ್ತು. ಚೆನ್ನಾಗಿದೆ, ಗಟ್ಟಿಯಾಗಿದೆ, ಗಿಡದ ಕೆಳಗೆ ಇಡೋಕೆ ಬರತ್ತೆ ಎಂದು ತೊಳೆದು ಕಾಗದದಲ್ಲಿ ಸುತ್ತಿ ತಂದಿದ್ದರು. ಅದರಲ್ಲಿ ಉಣ್ಣುತ್ತಿದ್ದ ಜೀವ ಖಾಲಿ ಮನೆಯ ಬಾಗಿಲಲ್ಲಿ ಕೂತು ನೋಡುತ್ತಿರುವಾಗಲೇ ತಂದಿದ್ದರು.

ಮೊಳೆಯ ಕಿವಿಯೊಳಗೆ ಸುತ್ತಿಗೆ ಹೊಡೆದಂತಾಯಿತು. ಕಿರುಚಬೇಕೆನ್ನಿಸಿತು, ಕುಂಡಗಳನ್ನೆಲ್ಲ ಎತ್ತಿ ಆ ನೆಲಕ್ಕೆ ಅಪ್ಪಳಿಸಬೇಕೆನ್ನಿಸಿತು. ಅವಳು ಕಿರುಚಲಿಲ್ಲ. ಸೋಫಾದ ಕಡೆ ತಿರುಗಿದಳು. ಮೂರು ಸೀಟಿನಲ್ಲಿ ಯಾವುದು ಯಜಮಾನನದ್ದು ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ಬಿಚ್ಚಿದಾಗ ಹಳೆಯ ಸ್ಪಂಜು ಬಲಗಡೆಯ ಸೀಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ತಗ್ಗಿತ್ತು, ಪೆನ್ನೂ ಚೆಂಡೂ ಸಿಕ್ಕಿದ್ದು ಅದರ ಪಕ್ಕದಲ್ಲೇ. ಆ ಸೀಟಿನ ಹಿಂಬದಿಯ ಜಿಪ್ಪು ಎಳೆದಳು. ಸಣ್ಣ ಕೈಯನ್ನು ಮೊಣಕೈವರೆಗೆ ತೂರಿಸಿ, ಹೊಸ ಸ್ಪಂಜಿನ ಮೇಲೆ, ಬಟ್ಟೆಯ ಅಡಿಯಲ್ಲಿ, ಸರಿಯಾಗಿ ನಟ್ಟನಡುವೆ ಚೆಂಡನ್ನು ಇಟ್ಟಳು. ಜಿಪ್ಪು ಎಳೆದು, ಸೀಟನ್ನು ಸ್ವಸ್ಥಾನದಲ್ಲಿ ಒತ್ತಿ ಕೂರಿಸಿದಳು. ಅಮ್ಮ ಕಲಿಸಿದ ಹಾಗೆ ಮೂಲೆಗಳನ್ನೂ ಸರಿಮಾಡಿದಳು.

ಅಪ್ಪ ನಾಯಿಯನ್ನು ಎತ್ತಿಕೊಂಡು ಬಂದ. ಅದರ ಮೂತಿಯಿಂದ ಕೆಸರು ಅವನ ಅಂಗಿಯ ಮೇಲೆ ಇಳಿಯುತ್ತಿತ್ತು. ನಡುಮನೆಯಲ್ಲಿ ನಿಂತು, ಎಡಗೈಯನ್ನು ಬಾಯಿಯ ಕೆಳಗೆ ಒಡ್ಡಿ, ಮೊಳೆಗಳನ್ನೆಲ್ಲ ಅಂಗೈಗೆ ಉಗಿದ.

"ಸರ್," ಎಂದ. "ಸೋಫಾ ಜೊತೆ ಬಂದದ್ದನ್ನೆಲ್ಲ ವಾಪಸ್ ಕೊಡೋದು ನಮ್ಮ ಅಂಗಡಿ ಕ್ರಮ. ಒಂದು ಬಾಚಣಿಗೇನೂ ನಾವು ಇಟ್ಕೊಂಡಿಲ್ಲ. ಮಗಳು ಅತ್ತೂ ಕರೆದೂ ಮಾಡಿದ್ಲು, ಆದ್ರೂ ತಂದೆ. ಇದೊಂದು ನಿಮ್ಮದಲ್ಲ ಅಂದ್ರಿ. ಇನ್ನೊಂದ್ಸಲ ಹೇಳಿಬಿಡಿ, ಇವಳ ಮುಂದೆ. ಆಮೇಲೆ ಬೇಕು ಅಂದ್ರೆ ನಾನು ಕೊಡಲ್ಲ."

"ಎಷ್ಟು ಸಲ ಹೇಳ್ಬೇಕು? ನಮ್ಮದಲ್ಲ," ಎಂದ ಯಜಮಾನ. ಆದರೆ ನಾಯಿಯ ಕಡೆ ನೋಡಲಿಲ್ಲ. "ನೀವು ಸೋಫಾ ಕೆಲಸದವರು. ಸೋಫಾ ನೋಡ್ಕೊಳ್ಳಿ."

ಅಪ್ಪ ತಲೆಯಾಡಿಸಿದ. "ಆಯ್ತು ಸರ್. ಸೋಫಾನೇ ನೋಡ್ಕೋತೀನಿ."

ನಾಯಿಯನ್ನು ಮಗಳ ಕೈಗೆ ಕೊಟ್ಟು, ಮೊಳೆಗಳನ್ನು ಜೇಬಿಗೆ ಸುರಿದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸೋಫಾದ ಮುಂದೆ ಮಂಡಿಯೂರಿದ. ಕಣ್ಣು ಮುಚ್ಚಿದ. ಎಡಗಡೆಯ ಸೀಟಿನಿಂದ ಅಂಗೈ ಆಡಿಸುತ್ತ ಬಂದ. ಮೊಳೆ ನಾಯಿಯನ್ನು ಎದೆಗೆ ಒತ್ತಿ ಹಿಡಿದಳು. ಈ ಒಂದು ಕ್ರಮವನ್ನು ಅವಳು ಮರೆತೇಬಿಟ್ಟಿದ್ದಳು. ನಡುವಿನ ಸೀಟು ದಾಟಿತು. ಬಲಗಡೆಯ ಸೀಟಿನ ನಡುವೆ ಬಂದ ಅಂಗೈ ತಟ್ಟನೆ ನಿಂತಿತು.

ಅಪ್ಪ ಕಣ್ಣು ತೆರೆದ. ಬೆರಳುಗಳಿಂದ ಒತ್ತಿ ನೋಡಿದ, ಸುತ್ತಲೂ ಸವರಿದ. ಅದು ಏನೆಂದು ಅವನ ಬೆರಳಿಗೆ ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ತಲೆಯೆತ್ತಿ ಮಗಳನ್ನು ನೋಡಿದ. ಮಗಳೂ ಅವನನ್ನೇ ನೋಡಿದಳು, ಕಣ್ಣು ತಗ್ಗಿಸಲಿಲ್ಲ. ಬೇಕಾದರೆ ಹೊಡೆ ಎನ್ನುವ ಹಾಗೆ ಗಲ್ಲ ಮುಂದೆ ಚಾಚಿದ್ದಳು.

"ಏನಾಯ್ತು, ಸರಿ ಇಲ್ವಾ?" ಎಂದಳು ಯಜಮಾನಿ.

ಅಪ್ಪ ಅಂಗೈಯನ್ನು ಮೆಲ್ಲಗೆ ತೆಗೆದ. ಬಟ್ಟೆಯ ಮೇಲೆ ಕೂತಿದ್ದ ಒಂದು ದಾರದ ಎಳೆಯನ್ನು ಕೊಡವಿದ. "ಸರಿಯಾಗಿದೆ ಮೇಡಂ," ಎಂದ. "ಎಲ್ಲ ವಾಪಸ್ ಕೊಟ್ಟ ಹಾಗಾಯ್ತು."

ಹೊರಗೆ ಬರುವುದು ಸುಲಭವಾಗಲಿಲ್ಲ. ಸ್ಪಂಜು ಬರಲೊಲ್ಲದು. ಗೇಟಿನವರೆಗೆ ಮೊಳೆಯ ತೋಳಿನಲ್ಲಿ ಒದ್ದಾಡಿತು, ಗಾಡಿಯಲ್ಲಿ ಹಗ್ಗದಿಂದ ಕಟ್ಟಿದ ಮೇಲೆ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಊಳಿಟ್ಟಿತು. ಆ ಮನೆಯ ಬಾಗಿಲು ಆಗಲೇ ಮುಚ್ಚಿತ್ತು. "ನಾಚಿಕೆ ಇಲ್ವಾ ನಿಂಗೆ?" ಎಂದು ಮೊಳೆ ಅದರ ಮುಖ ಹಿಡಿದು ಅಲ್ಲಾಡಿಸಿದಳು. "ಪೊರಕೇಲಿ ಹೊಡೆದ್ರೂ ಬಾಲ ಆಡಿಸ್ತೀಯಾ? ನಾನು ಬ್ರೆಡ್ಡು ಕೊಟ್ಟಿಲ್ವಾ? ನಾನು ಕೊಟ್ಟಿಲ್ವಾ?" ಆಗ ಮಾತ್ರ ಅವಳಿಗೆ ಅಳು ಬಂತು. ಜೋರಾಗಿ, ಕೆಟ್ಟದಾಗಿ, ಸುರಿಯುವ ಮೂಗನ್ನೂ ಒರೆಸಿಕೊಳ್ಳದೆ ಅತ್ತಳು. ಅಪ್ಪ ಸುಮ್ಮನಿರು ಎನ್ನಲಿಲ್ಲ. ಗಾಡಿಯನ್ನು ದೊಡ್ಡ ರಸ್ತೆ ಬಿಟ್ಟು ಸುತ್ತುದಾರಿಯಲ್ಲಿ ಓಡಿಸಿದ.

ಅಂಗಡಿಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೋಗುಣಿಯ ವಿಷಯ ಬಂದಾಗ ಮಿಷನ್ನಿನ ಪೆಡಲು ತುಳಿಯುವುದನ್ನು ನಿಲ್ಲಿಸಿ ಹಸಿರು ಸೋಫಾದವರ ಮೂರು ತಲೆಮಾರನ್ನು ತೊಳೆದು ಒಣಗಿಹಾಕಿದಳು. ಚೆಂಡಿನ ವಿಷಯವನ್ನು ಮಾತ್ರ ಯಾರೂ ಹೇಳಲಿಲ್ಲ.

ಸ್ಪಂಜು ಸೋಫಾ ಇದ್ದ ಖಾಲಿ ಜಾಗದಲ್ಲಿ ರಸ್ತೆಯ ಕಡೆ ಮುಖ ಮಾಡಿ ಮಲಗಿತು. ಮರುದಿನವೂ ಹಾಗೆಯೇ. ಮೊಳೆ ಶಾಲೆಯಿಂದ ಬಂದವಳೇ ಹಸಿರು ಬಟ್ಟೆಯ ರಾಶಿಯಿಂದ ಒಂದು ತುಂಡು ಕತ್ತರಿಸಿ, ಒಳಗೆ ಸ್ಪಂಜಿನ ಚೂರು ತುಂಬಿ, ದಪ್ಪ ದಾರದಿಂದ ಬಿಗಿದು ಒಂದು ಚೆಂಡು ಹೊಲಿದಳು. ಹೊಲಿಯುವಾಗ ಸೂಜಿಯನ್ನು ಯಾರಿಗೋ ಚುಚ್ಚುವ ಹಾಗೆ ಚುಚ್ಚುತ್ತಿದ್ದಳು. ಚೆಂಡನ್ನು ಗಲ್ಲಿಗೆ ಎಸೆದಳು. ನಾಯಿ ಏಳಲಿಲ್ಲ. ಹೋಗಿ ತಾನೇ ಎತ್ತಿಕೊಂಡು ಬಂದಳು. ಮತ್ತೆ ಎಸೆದಳು, ಮತ್ತೆ ತಾನೇ ತಂದಳು. "ನಾಯಿ ಯಾರು, ಹುಡುಗಿ ಯಾರು ಅಂತ ಗೊತ್ತಾಗ್ತಿಲ್ಲ," ಎಂದು ಸೈಕಲ್ ಅಂಗಡಿಯವನು ನಕ್ಕ. ಅವಳು ಅವನ ಕಡೆ ನೋಡಿದ ನೋಟಕ್ಕೆ ಅವನು ಬೇಗ ಟೈರಿನ ಕಡೆ ಬಗ್ಗಿದ.

ಆಗ ಅಂಗಡಿಯ ಫೋನು ಹೊಡೆದುಕೊಳ್ಳತೊಡಗಿತು. ಅಮ್ಮ ಕತ್ತು ಚಾಚಿ ನೋಡಿದಳು. "ಹಸಿರು ಸೋಫಾದವರು ಕಣ್ರೀ. ಇದು ಎರಡನೇ ಸಲ. ಸೋಫಾದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ? ಎತ್ರೀ."

ಅಪ್ಪ ಒಂದು ಕುರ್ಚಿಯ ಬೆನ್ನಿಗೆ ಬಟ್ಟೆ ಎಳೆದು ಹಿಡಿದಿದ್ದ. ಡಬ್ಬಿಯಿಂದ ಒಂದು ಹಿಡಿ ಮೊಳೆ ತೆಗೆದು, ಎಂದಿಗಿಂತ ಹೆಚ್ಚು, ಬಾಯಿ ತುಂಬ ಹಾಕಿಕೊಂಡ. ಆಮೇಲೆ ಅಮ್ಮನ ಕಡೆ ತಿರುಗಿ, ಹೇಗೆ ಮಾತಾಡಲಿ ಎನ್ನುವಂತೆ ಬೆರಳಿನಿಂದ ತುಟಿ ತೋರಿಸಿದ. ಸುತ್ತಿಗೆ ಬೀಳತೊಡಗಿತು. ಫೋನು ಬಡಿದುಕೊಳ್ಳುತ್ತಲೇ ಇತ್ತು.

ಮೊಳೆ ಗಲ್ಲಿಯ ತುದಿಯಿಂದ ಚೆಂಡು ಎತ್ತಿಕೊಂಡು ಬಂದು, ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಎಸೆದಳು. ಹಸಿರು ಚೆಂಡು ಪುಟಿಯದೆ ದೊಪ್ಪನೆ ಬಿತ್ತು. ಸ್ಪಂಜು ರಸ್ತೆಯಿಂದ ಕಣ್ಣು ತೆಗೆದು ಅದು ಬಿದ್ದ ಕಡೆ ತಲೆ ತಿರುಗಿಸಿತು. ಅವಳು ಈ ಸಲ ತರಲು ಹೋಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತಳು.